ದಿನಕ್ಕೊಂದು ಕವಿತೆ: ಎಳೆಯನ್ನು ಎಲ್ಲಿಂದ ಹಿಡಿಯುವುದು?

ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ಪ್ರತಿ ವರ್ಷವೂ ಕೆಲವು ಗೆಳೆಯರು ನನ್ನ ಮುಂದೆ ಒಂದೇ ಪ್ರಶ್ನೆಯನ್ನು ಇಡುತ್ತಾರೆ. ದಿನಕ್ಕೊಂದು ಕವಿತೆ ಬರೆಯಬೇಕೆಂಬ ಹಟವೇನೋ ಹುಟ್ಟಿದೆ, ಆದರೆ ದಿನವೂ ಒಂದು ವಿಷಯ ಬೇಕಲ್ಲ, ಅದನ್ನು ಎಲ್ಲಿಂದ ತರುವುದು ಎಂಬುದು ಆ ಪ್ರಶ್ನೆ. ಏಪ್ರಿಲ್‌ನ ಮೂವತ್ತು ದಿನ ಮೂವತ್ತು ಕವಿತೆ ಎಂಬ ಇಂಗ್ಲಿಷಿನ ಸವಾಲಿಗೆ ಹೆಸರು ಕೊಡಬೇಕೇ, ವಾಟ್ಸ್‌ಆ್ಯಪ್ ಬಳಗವೊಂದನ್ನು ಸೇರಬೇಕೇ, ಕೊಟ್ಟ ಕೊನೆಯ ಸಾಲಿಗೆ ಪದ್ಯ ಕಟ್ಟುವ ಸಮಸ್ಯಾಪೂರಣದ ಹಳೆಯ ದಾರಿಯನ್ನು ಹಿಡಿಯಬೇಕೇ ಅಥವಾ ಯಾರ ಹಂಗೂ ಇಲ್ಲದೆ ತಾವೇ ವಿಷಯಗಳನ್ನು ಹೊಂದಿಸಿಕೊಳ್ಳಬೇಕೇ? ಬೆಂಗಳೂರಿನಲ್ಲಿ ಕೆಲಸ, ಪ್ರಯಾಣ, ಮನೆ ಎಂಬ ಮೂರರ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಬರೆಯುವ ನಾನು ಈ ನಾಲ್ಕನ್ನೂ ಒಂದಲ್ಲ ಒಂದು ವರ್ಷ ಪ್ರಯತ್ನಿಸಿದ್ದೇನೆ. ಎರಡನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಬಿಟ್ಟದ್ದಕ್ಕೆ ಕಾರಣ ಸೋಮಾರಿತನ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ನನಗೆ ಒಗ್ಗದ ದಾರಿಯನ್ನು ಆರಿಸಿಕೊಂಡಿದ್ದೆ ಎನಿಸುತ್ತದೆ.

ಬರೆಯಲು ಕೊಡುವ ಪದವನ್ನೋ ಸಾಲನ್ನೋ ಇಂಗ್ಲಿಷಿನವರು ಪ್ರಾಂಪ್ಟ್ ಎನ್ನುತ್ತಾರೆ, ನಮ್ಮ ಬಳಗಗಳಲ್ಲಿ ದತ್ತಪದ, ದತ್ತಸಾಲು ಎಂದು ಕರೆಯುತ್ತಾರೆ. ಚಿತ್ರ ಕೊಟ್ಟರೆ ಅದು ಚಿತ್ರಕವನ. ಇವೆಲ್ಲವನ್ನೂ ಒಟ್ಟಿಗೆ ಹೇಳಬೇಕಾದಾಗ ನಾನು ಈ ಬರಹದಲ್ಲಿ ‘ಎಳೆ’ ಎಂಬ ಪದವನ್ನು ಬಳಸುತ್ತೇನೆ.

ಮೊದಲು ಅಳತೆಗೋಲು

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದದ್ದು ಯಾವುದು ಒಳ್ಳೆಯದು ಎಂದಲ್ಲ, ನನ್ನನ್ನು ತಡೆಯುತ್ತಿರುವುದು ಯಾವುದು ಎಂದು. ಕೆಲವರಿಗೆ ಕೂತು ಆರಂಭಿಸುವುದೇ ಕಷ್ಟ. ಒಮ್ಮೆ ಆರಂಭಿಸಿದರೆ ಕವಿತೆ ತಾನಾಗಿ ಮುಂದುವರಿಯುತ್ತದೆ. ಇನ್ನು ಕೆಲವರಿಗೆ ಬರೆಯುವುದು ಬಹಳ ಸಲೀಸು. ಮಳೆ ಎಂದರೆ ಕಣ್ಣೀರು, ದೀಪ ಎಂದರೆ ಅಮ್ಮ, ರೈಲು ಎಂದರೆ ಬದುಕಿನ ಪಯಣ ಎಂದು ಕೈ ತಾನೇ ಹರಿಯುತ್ತದೆ, ತಿಂಗಳ ಕೊನೆಗೆ ತಿರುಗಿ ನೋಡಿದರೆ ಮೂವತ್ತೂ ಒಂದೇ ಕವಿತೆಯಂತೆ ಕಾಣುತ್ತವೆ. ಮೊದಲನೆಯವರಿಗೆ ಬೇಕಾದದ್ದು ಜೊತೆ ಮತ್ತು ಗಡುವು; ಎರಡನೆಯವರಿಗೆ ಬೇಕಾದದ್ದು ಬಿಗಿ, ಅಂದರೆ ಮೊದಲು ಹೊಳೆದ ಮಾತನ್ನು ಹೇಳಲು ಬಿಡದಂಥ ಎಳೆ. ಈ ಒಂದು ವ್ಯತ್ಯಾಸ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ.

ಉಳಿದರ್ಧಕ್ಕೆ ನಾನು ನಾಲ್ಕು ಸಂಗತಿಗಳನ್ನು ನೋಡುತ್ತೇನೆ. ಎಳೆ ನಿಮ್ಮ ಕೈಗೆ ದಿನದ ಯಾವ ಹೊತ್ತಿಗೆ ಬರುತ್ತದೆ ಮತ್ತು ಎಷ್ಟು ಸಮಯವನ್ನು ಕೇಳುತ್ತದೆ. ಅದು ಕನ್ನಡದಲ್ಲೇ ಹುಟ್ಟಿದ್ದೋ ಅಥವಾ ನೀವೇ ಅದನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳಬೇಕೋ. ಬರೆದದ್ದನ್ನು ಯಾರು ಓದುತ್ತಾರೆ, ಓದಿ ಏನು ಹೇಳುತ್ತಾರೆ. ತಿಂಗಳು ಮುಗಿದ ಮೇಲೆ ತಿದ್ದಲು ಯೋಗ್ಯವಾದದ್ದು ಎಷ್ಟು ಉಳಿಯುತ್ತದೆ. ಹಣದ ಮಾತು ಇಲ್ಲಿ ಚಿಕ್ಕದು. ಒಂದು ನೋಟ್‌ಬುಕ್ ಮತ್ತು ಮೊಬೈಲಿನ ಡೇಟಾದ ಆಚೆಗೆ ಖರ್ಚು ಬರುವುದು ಶುಲ್ಕದ ಕಾರ್ಯಾಗಾರಗಳಿಗೆ ಮಾತ್ರ, ಅದನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್‌ನ ಮೂವತ್ತು ದಿನ

ಮೂವತ್ತು ದಿನದಲ್ಲಿ ಮೂವತ್ತು ಕವಿತೆ ಎಂಬ ಸವಾಲಿಗೆ ನ್ಯಾಪೊರೈಮೊ ಎಂಬ ಅಡ್ಡಹೆಸರಿದೆ. ಅಮೆರಿಕದ ಕವಯತ್ರಿ ಮೌರೀನ್ ಥಾರ್ಸನ್ 2003ರಲ್ಲಿ ಇದನ್ನು ಆರಂಭಿಸಿದರು. ನವೆಂಬರಿನಲ್ಲಿ ಒಂದೇ ತಿಂಗಳಿಗೆ ಕಾದಂಬರಿ ಬರೆಯುವ ಸವಾಲೊಂದು ಅಲ್ಲಿ ಆಗಲೇ ನಡೆಯುತ್ತಿತ್ತು, ಇದು ಅದರ ಕಾವ್ಯರೂಪ. ಏಪ್ರಿಲನ್ನು ಆರಿಸಿಕೊಳ್ಳಲು ಕಾರಣ ಅದು 1996ರಿಂದ ಅಮೆರಿಕದಲ್ಲಿ ಕಾವ್ಯದ ತಿಂಗಳಾಗಿ ಆಚರಣೆಯಲ್ಲಿರುವುದು. ದಿನಕ್ಕೊಂದು ಎಳೆ ಉಚಿತವಾಗಿ ಸಿಗುತ್ತದೆ, ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ. ನಮ್ಮಲ್ಲಿ ತಾರೀಕು ಮೊದಲೇ ಬದಲಾಗುವುದರಿಂದ ಪೂರ್ವದ ದೇಶಗಳವರಿಗೆಂದು ಮಾರ್ಚ್ 31ರಂದೇ ಒಂದು ಹೆಚ್ಚುವರಿ ಎಳೆಯನ್ನೂ ಕೊಡುತ್ತಾರೆ. ಇದರ ಪ್ರಯೋಜನ ಗಮನಿಸಿ: ಅಮೆರಿಕದ ಪೂರ್ವ ಕರಾವಳಿಯಲ್ಲಿ ಏಪ್ರಿಲ್‌ನ ನಡುರಾತ್ರಿಯೆಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಬೆಳಗಿನ ಐದು ಗಂಟೆಗೆ ಎದ್ದು ಬರೆಯುವವರು ಆ ದಿನದ ಎಳೆಗಾಗಿ ಕಾಯುತ್ತಾ ಕೂರುವಂತಿಲ್ಲ, ಮಾರ್ಚ್ 31ರ ಎಳೆಯನ್ನು ಏಪ್ರಿಲ್ ಒಂದಕ್ಕೆ ಹಿಡಿದು ಒಂದು ದಿನ ಹಿಂದೆ ನಡೆಯುವುದೇ ಅನುಕೂಲ. ರಾತ್ರಿ ಊಟದ ನಂತರ ಬರೆಯುವವರಿಗೆ ಈ ತೊಂದರೆಯಿಲ್ಲ, ಎಳೆಯನ್ನು ಹಗಲೆಲ್ಲ ತಲೆಯಲ್ಲಿ ಇಟ್ಟುಕೊಂಡು ಓಡಾಡುವ ಲಾಭವೂ ಅವರದೇ.

ಇದರ ಬಲವಿರುವುದು ವೈವಿಧ್ಯದಲ್ಲಿ. ಒಂದು ದಿನ ಪತ್ರದ ರೂಪದ ಕವಿತೆ, ಇನ್ನೊಂದು ದಿನ ಅಡುಗೆಯ ವಿಧಾನದಂಥ ಕವಿತೆ, ಮತ್ತೊಂದು ದಿನ ಚಿತ್ರಕಲೆಯೊಂದಕ್ಕೆ ಉತ್ತರವಾಗುವ ಕವಿತೆ ಎಂಬ ಬಗೆಯಲ್ಲಿ, ನಾವು ನಮಗೇ ಎಂದೂ ಕೊಟ್ಟುಕೊಳ್ಳದ ಕೆಲಸಗಳನ್ನು ಇಂಥ ಸವಾಲುಗಳು ಕೊಡುತ್ತವೆ. ತೊಡಕಿರುವುದು ಭಾಷೆಯಲ್ಲಿ. ವಿಷಯವನ್ನು ಮಾತ್ರ ಕೊಡುವ ಎಳೆ ಕನ್ನಡಕ್ಕೆ ಸುಲಭವಾಗಿ ಬರುತ್ತದೆ, ರೂಪವನ್ನು ಕೊಡುವ ಎಳೆ ಬರುವುದಿಲ್ಲ. ವಿಲನೆಲ್ ಎಂಬ ಹತ್ತೊಂಬತ್ತು ಸಾಲಿನ ಬಂಧವನ್ನೇ ತೆಗೆದುಕೊಳ್ಳಿ. ಎರಡು ಸಾಲುಗಳು ಮತ್ತೆ ಮತ್ತೆ ಮರಳುತ್ತವೆ, ಇಡೀ ಕವಿತೆ ಎರಡೇ ಪ್ರಾಸಗಳ ಮೇಲೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಪ್ರಾಸ ಸಿಗುವುದು ಕಷ್ಟವಾದ್ದರಿಂದ ಈ ಬಂಧಕ್ಕೆ ಬೆಲೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಬರುತ್ತಾನೆ, ಹೋಗುತ್ತಾನೆ, ನಗುತ್ತಾನೆ’ ಎಂದರೆ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಕ್ಕಿಬಿಡುತ್ತದೆ, ಬಿಗಿಯೇ ಇಲ್ಲವಾಗುತ್ತದೆ. ನಮ್ಮ ಹಿಂದಿನವರು ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸವನ್ನಿಟ್ಟು ಆದಿಪ್ರಾಸವನ್ನು ನೆಚ್ಚಿಕೊಂಡಿದ್ದರ ಹಿಂದೆ ಇದೂ ಒಂದು ಕಾರಣವಿರಬೇಕು ಎಂದು ನನಗೆ ಅನ್ನಿಸುವುದುಂಟು. ಆದ್ದರಿಂದ ಈ ಸವಾಲನ್ನು ಹಿಡಿಯುವವರು ರೂಪದ ದಿನಗಳಲ್ಲಿ ಅದೇ ಕಷ್ಟವನ್ನು ಕೊಡುವ ಕನ್ನಡದ ರೂಪವನ್ನು ಬದಲಿಗೆ ಇಟ್ಟುಕೊಳ್ಳಬೇಕು. ಗಜಲ್ ಮಾತ್ರ ಇದಕ್ಕೆ ಅಪವಾದ. ಸಾಲಿನ ಕೊನೆಯ ಪದ ಹಾಗೆಯೇ ಮರಳಿ, ಅದರ ಹಿಂದಿನ ಪದದಲ್ಲಿ ಪ್ರಾಸ ಕೂಡುವ ಅದರ ಕಟ್ಟು ಕನ್ನಡದ ವಾಕ್ಯಕ್ಕೆ ಚೆನ್ನಾಗಿ ಹೊಂದುತ್ತದೆ, ಹೊಂದಿಯೂ ಬಹಳ ಕಾಲವಾಯಿತು.

ತಿಂಗಳಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಏಪ್ರಿಲ್ ಎಂದರೆ ಬೇಸಿಗೆ ರಜೆ, ಊರಿನಿಂದ ಬರುವ ನೆಂಟರು, ಶಿಕ್ಷಕರಿಗೆ ಉತ್ತರಪತ್ರಿಕೆಗಳ ರಾಶಿ. ಮೊದಲ ಮಾವಿನ ಮಳೆ, ಸಾಮಾನ್ಯವಾಗಿ ಆ ತಿಂಗಳಲ್ಲೇ ಬರುವ ಕರಗ ಇವೆಲ್ಲ ಕವಿತೆಗೆ ಒದಗುತ್ತವೆ ನಿಜ, ಆದರೆ ಬರೆಯುವ ಏಕಾಂತ ಒದಗುವುದಿಲ್ಲ. ಸವಾಲನ್ನು ನವೆಂಬರಿಗೆ ಮುಂದೂಡಿ, ಏಪ್ರಿಲ್‌ನ ಎಳೆಗಳನ್ನು ಎತ್ತಿಟ್ಟುಕೊಂಡು ರಾಜ್ಯೋತ್ಸವದ ದಿನದಿಂದ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ಕಳೆದುಕೊಳ್ಳುವುದು ಒಂದೇ: ಅದೇ ದಿನ ಅದೇ ಎಳೆಯನ್ನು ಹಿಡಿದು ಜಗತ್ತಿನ ಬೇರೆ ಮೂಲೆಗಳಲ್ಲಿ ಜನ ಬರೆಯುತ್ತಿದ್ದಾರೆ ಎಂಬ ಭಾವನೆ.

ವಾಟ್ಸ್‌ಆ್ಯಪ್ ಬಳಗ

ಕನ್ನಡದ ಸಾಹಿತ್ಯ ಬಳಗಗಳ ಲೋಕವನ್ನು ಹೊರಗಿನವರು ಹಗುರವಾಗಿ ಕಾಣುತ್ತಾರೆ. ನಾನು ಹಾಗೆ ಕಾಣಲಾರೆ. ಸೋಮವಾರ ದತ್ತಪದ, ಮಂಗಳವಾರ ಚಿತ್ರಕವನ, ಬುಧವಾರ ಜಪಾನಿನ ಕಿರುಗವಿತೆ ಹಾಯ್ಕು, ಗುರುವಾರ ಅದರಂಥದ್ದೇ ಟಂಕಾ, ಶುಕ್ರವಾರ ಚುಟುಕು ಎಂದು ವಾರದ ವೇಳಾಪಟ್ಟಿ ಹಾಕಿಕೊಂಡು, ರಾತ್ರಿ ಒಂಬತ್ತರ ಗಡುವಿಟ್ಟು, ಮರುದಿನ ಚಿತ್ರವಿರುವ ಡಿಜಿಟಲ್ ಪ್ರಮಾಣಪತ್ರವನ್ನು ಕಳಿಸುವ ಈ ಬಳಗಗಳಿಂದ, ಕಾಲೇಜು ಬಿಟ್ಟ ಮೇಲೆ ಒಂದು ಸಾಲನ್ನೂ ಬರೆಯದ ಎಷ್ಟೋ ಮಂದಿ ಮತ್ತೆ ಲೇಖನಿ ಹಿಡಿದಿದ್ದಾರೆ. ಆರಂಭಿಸುವುದೇ ಕಷ್ಟವೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಎಳೆ ಕನ್ನಡದಲ್ಲೇ ಬರುತ್ತದೆ, ಬೆಳಿಗ್ಗೆ ಬರುತ್ತದೆ, ಸಂಜೆಯವರೆಗೂ ಮೆಟ್ರೊದಲ್ಲಿ ನಿಂತುಕೊಂಡೇ ಅದನ್ನು ತಿರುವಿಹಾಕಬಹುದು. ಹಾಯ್ಕುವಿನ 5-7-5, ಅಂದರೆ ಹದಿನೇಳು ಅಕ್ಷರಗಳನ್ನಾಗಲಿ, ಟಂಕಾದ ಮೂವತ್ತೊಂದನ್ನಾಗಲಿ ಬೆರಳಲ್ಲೇ ಎಣಿಸಿ ಮುಗಿಸಬಹುದು.

ಕೊರತೆ ಓದಿನದು. ಐವತ್ತು ಜನ ಬರೆದು ಹಾಕುವ ಬಳಗದಲ್ಲಿ ಒಬ್ಬರದನ್ನೊಬ್ಬರು ನಿಜವಾಗಿ ಓದಲು ಯಾರಿಗೂ ಬಿಡುವಿರುವುದಿಲ್ಲ. ‘ಸೊಗಸಾಗಿದೆ ಮೇಡಂ’, ‘ಅದ್ಭುತ ಸರ್’ ಎಂಬ ಮಾತುಗಳೂ ಮುಗಿದ ಕೈಗಳ ಚಿತ್ರಗಳೂ ಸಾಲುಗಟ್ಟುತ್ತವೆ. ಮೂರನೆಯ ಸಾಲು ಜಾಳಾಗಿದೆ ಎಂದು ಹೇಳುವವರು ಇರುವುದಿಲ್ಲ, ಹೇಳಿದರೆ ಅವರು ಬಳಗದಲ್ಲಿ ಉಳಿಯುವುದಿಲ್ಲ. ಎಳೆಗಳೂ ಕ್ರಮೇಣ ಒಂದೇ ಜಾಡಿಗೆ ಬೀಳುತ್ತವೆ: ಮೌನ, ಒಲವು, ಬೆಳದಿಂಗಳು, ಮತ್ತೆ ಮೌನ. ಇನ್ನೊಂದು ಎಚ್ಚರಿಕೆ ಅನುಭವದಿಂದ ಬಂದದ್ದು. ನಾನಿದ್ದ ಬಳಗವೊಂದರಲ್ಲಿ ಹಾಕಿದ ನನ್ನ ನಾಲ್ಕು ಸಾಲು ಎರಡು ತಿಂಗಳ ನಂತರ ಸೂರ್ಯೋದಯದ ಚಿತ್ರದ ಮೇಲೆ ಕೂತು, ಹೆಸರಿಲ್ಲದ ಶುಭೋದಯದ ಸಂದೇಶವಾಗಿ, ನನ್ನ ಚಿಕ್ಕಮ್ಮನ ಮೊಬೈಲಿನಿಂದ ನನಗೇ ಬಂತು. ಪುಸ್ತಕವಾಗಲಿ ಎಂದು ಇಟ್ಟುಕೊಂಡದ್ದನ್ನು, ಪತ್ರಿಕೆಗೆ ಕಳಿಸಬೇಕೆಂದಿರುವುದನ್ನು ದೊಡ್ಡ ಬಳಗಕ್ಕೆ ಹಾಕದಿರುವುದು ಲೇಸು. ಪರಿಚಯದ ನಾಲ್ಕೈದು ಜನ ಸೇರಿ ಸರದಿಯಂತೆ ಎಳೆ ಕೊಡುವ ಪುಟ್ಟ ಗುಂಪಿನಲ್ಲಿ ಈ ದೋಷಗಳು ಬಹುಮಟ್ಟಿಗೆ ಇಲ್ಲ, ಆದರೆ ಅಂಥ ಗುಂಪು ಹದಿನೈದನೆಯ ದಿನಕ್ಕೆ ಇಬ್ಬರಾಗಿ ಕರಗುವುದೂ ಅಷ್ಟೇ ಖಚಿತ.

ಸಮಸ್ಯೆ ಮತ್ತು ದತ್ತಪದಿ

ಕೊಟ್ಟದ್ದನ್ನು ಹಿಡಿದು ಪದ್ಯ ಕಟ್ಟುವುದು ನಮಗೆ ಹೊಸದೇನಲ್ಲ. ಎಂಟು ಮಂದಿಯ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನದಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಒಡ್ಡುವ ಸಮಸ್ಯಾಪೂರಣ, ದತ್ತಪದಿ, ಬೇಡವೆಂದ ಅಕ್ಷರವನ್ನು ಬಿಟ್ಟು ಪದ್ಯ ಕಟ್ಟಬೇಕಾದ ನಿಷೇಧಾಕ್ಷರಿ ಇವೆಲ್ಲವೂ ಎಳೆಗಳೇ, ಅದರಲ್ಲೂ ಜಗಮೊಂಡು ಎಳೆಗಳು. ದತ್ತಪದಿಯಲ್ಲಿ ಪದಗಳನ್ನು ಕೊಟ್ಟು ಅವಕ್ಕೆ ಸಂಬಂಧವೇ ಇಲ್ಲದ ವಿಷಯವನ್ನು ಕೊಡುತ್ತಾರೆ. ಆಟೋ, ಕಾರು, ವ್ಯಾನ್, ಲಾರಿ ಎಂಬ ನಾಲ್ಕನ್ನು ಬಳಸಿ ದ್ರೌಪದಿಯ ಅಕ್ಷಯಪಾತ್ರೆಯನ್ನು ವರ್ಣಿಸಿ ಎಂದುಕೊಳ್ಳಿ. ದೂರ್ವಾಸರ ‘ಆಟೋಪ’, ಕೃಷ್ಣನ ‘ಕಾರುಣ್ಯ’, ಪಾತ್ರೆಯ ‘ದಿವ್ಯಾನ್ನ’, ಪಾಂಡವರ ‘ಎಲ್ಲಾ ರಿಪುಗಳು’ ಎಂದು ಬಿಡಿಸಿಕೊಂಡಾಗ ನಾಲ್ಕು ವಾಹನಗಳೂ ಪಾಂಡವರಿದ್ದ ಕಾಮ್ಯಕವನಕ್ಕೆ ಬಂದು ನಿಲ್ಲುತ್ತವೆ. ಬಳಗಗಳ ದತ್ತಪದಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ: ಅಲ್ಲಿ ಪದವೇ ವಿಷಯ, ಇಲ್ಲಿ ಪದ ವಿಷಯಕ್ಕೆ ಅಡ್ಡಗಾಲು.

ಸಮಸ್ಯೆಯೆಂದರೆ ಮೇಲ್ನೋಟಕ್ಕೆ ಅಸಂಗತವಾದ ಕೊನೆಯ ಸಾಲು. ಅದು ಸಂಗತವಾಗುವಂತೆ ಮೇಲಿನ ಸಾಲುಗಳನ್ನು ಕಟ್ಟಬೇಕು. ಈ ಬರಹಕ್ಕಾಗಿ ನಾನೇ ಹಾಕಿಕೊಂಡ ಒಂದನ್ನು ಪೂರ್ತಿಯಾಗಿ ತೋರಿಸುತ್ತೇನೆ. ಕೊಟ್ಟ ಸಾಲು ‘ಮಳೆಯಿಲ್ಲದಾ ದಿನದಿ ನೆನೆದಳಾ ಮುದುಕಿ’. ಮಳೆಯೇ ಇಲ್ಲದೆ ನೆನೆಯುವುದು ಹೇಗೆ? ‘ನೆನೆ’ ಎಂಬ ಧಾತುವಿಗೆ ಇನ್ನೊಂದು ಅರ್ಥವಿದೆಯಲ್ಲ ಎಂದು ಹೊಳೆದ ಕೂಡಲೇ ಬಾಗಿಲು ತೆರೆಯಿತು. ಆದರೆ ಸಾಲು ಐದು ಮಾತ್ರೆಯ, ಅಂದರೆ ಉಚ್ಚಾರದ ಕಾಲದ ಐದು ಅಳತೆಗಳ, ಗಣಗಳಲ್ಲಿದೆ, ಎರಡನೆಯ ಅಕ್ಷರ ‘ಳ’, ಮೊದಲನೆಯದು ಒಂದು ಮಾತ್ರೆಯ ಲಘು. ಉಳಿದ ಮೂರು ಸಾಲುಗಳೂ ಹಾಗೆಯೇ ಇರಬೇಕು.

ಎಳೆಯತನದೂರ ಕೆರೆ, ತೋಟ, ಗದ್ದೆಯ ಬದುವ,
ತಳಿರ ನೆಳಲಲಿ ಗೆಳತಿ ಕಥೆ ಹೇಳಿದುದನು,
ಬಳಲಿ ಕುಳಿತೇಳನೆಯ ಮಹಡಿಯೊಳಗೊಬ್ಬಳೇ
ಮಳೆಯಿಲ್ಲದಾ ದಿನದಿ ನೆನೆದಳಾ ಮುದುಕಿ.

ಮಹಾಕಾವ್ಯವೇನಲ್ಲ. ಆದರೆ ‘ಮುದುಕಿ’ ಎಂಬ ಪದವನ್ನು ಮಾತ್ರ ಕೊಟ್ಟಿದ್ದರೆ ನಾನು ಸುಕ್ಕುಗಟ್ಟಿದ ಕೈ ಮತ್ತು ಮಬ್ಬುಗಣ್ಣಿನ ಬಗ್ಗೆ ಬರೆದು ಮುಗಿಸುತ್ತಿದ್ದೆ. ಏಳನೆಯ ಮಹಡಿ ಬಂದದ್ದು ‘ಬಳಲಿ ಕುಳಿತ’ ಎಂಬಲ್ಲಿ ಮಾತ್ರೆಗಳು ಉಳಿದಿದ್ದವೆಂಬ ಒಂದೇ ಕಾರಣಕ್ಕೆ; ಬಂದ ಮೇಲೆ ಈ ಮುದುಕಿ ಬೆಂಗಳೂರಿನ ಅಪಾರ್ಟ್‌ಮೆಂಟಿನವಳಾದಳು, ಊರು ಬಿಟ್ಟವಳಾದಳು. ಬಿಗಿ ಮಾಡುವ ಉಪಕಾರ ಇಂಥದ್ದು.

ಬೆಲೆಯೂ ಅಷ್ಟೇ ಇದೆ. ಈ ನಾಲ್ಕು ಸಾಲಿಗೆ ನನಗೆ ಎರಡು ಸಂಜೆಗಳು ಹಿಡಿದವು. ದಿನಕ್ಕೊಂದರಂತೆ ತಿಂಗಳಿಡೀ ಇದನ್ನು ಮಾಡುವುದು ಉದ್ಯೋಗಸ್ಥರಿಗೆ ಆಗದ ಮಾತು. ಛಂದಸ್ಸು ತಿಳಿಯದವರು ಮೊದಲು ಅದನ್ನು ಕಲಿಯಬೇಕು. ಅದಕ್ಕೆ ಖರ್ಚಿಲ್ಲ, ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿದ್ದರೆ ಅವರ ವ್ಯಾಕರಣದ ಪುಸ್ತಕದಲ್ಲಿರುವ ಲಘು, ಗುರು, ಮಾತ್ರಾಗಣಗಳ ಪಾಠವೇ ಸಾಕು. ಐದು ಮಾತ್ರೆಯ ಚೌಪದಿಯಿಂದ ಆರಂಭಿಸುವುದು ಕ್ಷೇಮ. ಭಾಮಿನಿ ಷಟ್ಪದಿಯ ಮೋಹ ಎಲ್ಲರಿಗೂ ಇರುತ್ತದೆ, ಆದರೆ ಹದಿನಾಲ್ಕು ಮಾತ್ರೆಯ ನಾಲ್ಕು ಸಾಲು, ಇಪ್ಪತ್ತಮೂರು ಮಾತ್ರೆಯ ಎರಡು ಸಾಲು, ಒಟ್ಟು 102 ಮಾತ್ರೆಗಳ ಕಟ್ಟಡ ದಿನದ ಅರ್ಧ ಗಂಟೆಯಲ್ಲಿ ಏಳುವಂಥದ್ದಲ್ಲ. ಇನ್ನೊಂದು ಅಪಾಯ, ಛಂದಸ್ಸು ಕೈಗೆ ಹತ್ತಿದ ಮೇಲೆ ಪದ್ಯವು ಬುದ್ಧಿವಂತಿಕೆಯ ಆಟವಾಗಿಯೇ ನಿಂತುಬಿಡುವುದು. ಶ್ಲೇಷೆ ಹೊಳೆದ ಖುಷಿಯಲ್ಲಿ ಕವಿತೆ ಆಯಿತೇ ಎಂದು ಕೇಳಿಕೊಳ್ಳುವುದು ಮರೆತುಹೋಗುತ್ತದೆ.

ಚೀಟಿಯ ಡಬ್ಬಿ

ಮೂವತ್ತು ಚೀಟಿಗಳನ್ನು ಬರೆದು ಹಳೆಯ ಬೋರ್ನ್‌ವಿಟಾ ಡಬ್ಬಿಗೆ ಹಾಕಿ, ದಿನಕ್ಕೊಂದನ್ನು ಕಣ್ಣುಮುಚ್ಚಿ ಎತ್ತುವುದು ನಾನು ಕೊನೆಗೆ ನೆಲೆ ನಿಂತ ವಿಧಾನ. ಯಾರಿಗೂ ಕಾಯಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ, ಬೆಳಗಿನ ಐದಕ್ಕೂ ಒದಗುತ್ತದೆ. ಚೀಟಿಯಲ್ಲಿ ಏನು ಬರೆಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲ ವರ್ಷ ನಾನು ‘ವಿರಹ’, ‘ಬಾಲ್ಯ’, ‘ಸಾವು’ ಎಂದೆಲ್ಲ ಬರೆದು ಹತ್ತನೆಯ ದಿನಕ್ಕೆ ಸೋತೆ. ಮುಟ್ಟಬಹುದಾದ, ಕೇಳಬಹುದಾದ ವಸ್ತುಗಳು ಹೆಚ್ಚು ಬಾಳುತ್ತವೆ: ಬೆಳಗಿನ ಕಸದ ಗಾಡಿಯ ಹಾಡು, ನೀರಿನ ಟ್ಯಾಂಕರಿಗೆ ಕಾಯುವ ಮಧ್ಯಾಹ್ನ, ಕೊನೆಯ ಬಸ್ಸಿನ ಕಂಡಕ್ಟರ್ ಕೊಡಬೇಕಾದ ಚಿಲ್ಲರೆ, ಗಾಂಧಿ ಬಜಾರಿನ ಹೂವಿನ ಮೊಳ. ಐದು ಚೀಟಿಗಳಿಗೆ ನಿಘಂಟನ್ನು ತೆರೆಯಿರಿ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ ಗ್ರಂಥಾಲಯದಲ್ಲಿ ಸಿಗುತ್ತವೆ; ಬೆರಳು ಬಿದ್ದ ಪದ ‘ಒರತೆ’ ಆಗಿದ್ದರೆ, ಬೋರ್‌ವೆಲ್ ಬತ್ತಿದ ಬಡಾವಣೆಯಲ್ಲಿ ಕುಳಿತ ನಿಮಗೆ ಅದು ಸಾಕಷ್ಟು ಕೆಲಸ ಕೊಡುತ್ತದೆ.

ಇದರ ದೋಷ ಸ್ಪಷ್ಟ: ಹಾಕಿದವರು ನೀವೇ ಆದ್ದರಿಂದ ಅಚ್ಚರಿಯಿಲ್ಲ, ಗಡುವಿಲ್ಲ, ಒಂದು ದಿನ ತಪ್ಪಿದರೆ ಕೇಳುವವರಿಲ್ಲ. ಅಚ್ಚರಿಯ ಕೊರತೆಗೆ ಪರಿಹಾರವಿದೆ, ಡಬ್ಬಿಯನ್ನು ಇನ್ನೊಬ್ಬರೊಡನೆ ಅದಲುಬದಲು ಮಾಡಿಕೊಳ್ಳುವುದು. ಕವಿತೆ ಬರೆಯದವರಿಂದಲೂ ಚೀಟಿ ಬರೆಸಬಹುದು. ನಮ್ಮ ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಬರೆದು ಹಾಕಿದ ‘ಲಿಫ್ಟ್ ಯಾಕೆ ಸುಸ್ತಾಗಲ್ಲ’ ಎಂಬ ಚೀಟಿ ಆ ವರ್ಷದ ನನ್ನ ಒಳ್ಳೆಯ ಕವಿತೆಯನ್ನು ಕೊಟ್ಟಿತು.

ಡಬ್ಬಿಯೂ ಬೇಡವೆನ್ನುವವರು ಪ್ರಯಾಣವನ್ನೇ ಎಳೆಯಾಗಿಸಿಕೊಳ್ಳಬಹುದು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ನೇರಳೆ ಮಾರ್ಗದಲ್ಲಿ ದಿನವೂ ಓಡಾಡುವವರು ದಿನಕ್ಕೊಂದು ನಿಲ್ದಾಣವನ್ನು ಹಿಡಿದರೂ ತಿಂಗಳು ತುಂಬಿ ಮಿಗುತ್ತದೆ. ಕಣ್ಣು ಚುರುಕಾಗುತ್ತದೆ, ಆದರೆ ಕವಿತೆ ವರದಿಯಾಗುವ ಸಾಧ್ಯತೆ ಹೆಚ್ಚು.

ಎಐ ಸಹಾಯಕರಿಂದ ಎಳೆ ಕೇಳುವವರೂ ಈಗ ಇದ್ದಾರೆ. ಬರಿದೆ ‘ಕವಿತೆಗೊಂದು ವಿಷಯ ಕೊಡು’ ಎಂದರೆ ನನಗೆ ಸಿಕ್ಕಿದ್ದು ಬಳಗದ ಅದೇ ಮೌನ, ಅದೇ ಬೆಳದಿಂಗಳು. ದತ್ತಪದಿಯ ನಿಯಮವನ್ನು ವಿವರಿಸಿ, ಒಂದಕ್ಕೊಂದು ಹೊಂದದ ಪದಗಳನ್ನು ಕೇಳಿದಾಗ ಕೆಲಸಕ್ಕೆ ಬಂತು. ಶುಲ್ಕದ ಕಾರ್ಯಾಗಾರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು: ಎಳೆಗಾಗಿ ಹಣ ಕೊಡಬೇಡಿ, ನಿಮ್ಮ ಕರಡನ್ನು ಸಾಲುಸಾಲಾಗಿ ಓದಿ ತಿದ್ದಿಕೊಡುವವರಿಗೆ ಕೊಡಿ. ಸೇರುವ ಮುನ್ನ ಒಂದು ಗುಂಪಿನಲ್ಲಿ ಎಷ್ಟು ಜನ, ಪ್ರತಿಯೊಬ್ಬರ ಎಷ್ಟು ಕವಿತೆಗಳನ್ನು ಓದುತ್ತಾರೆ ಎಂದು ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಆ ಹಣದಲ್ಲಿ ಕವನ ಸಂಕಲನಗಳನ್ನು ಕೊಳ್ಳಿ.

ಯಾರಿಗೆ ಯಾವುದು

ಹತ್ತು ವರ್ಷಗಳ ನಂತರ ಮತ್ತೆ ಬರೆಯಲು ಹೊರಟವರು ಬಳಗವನ್ನು ಸೇರಲಿ, ಮೂರು ತಿಂಗಳಾದ ಮೇಲೆ ಬಿಡಲಿ. ಅಷ್ಟರಲ್ಲಿ ಕೈ ಪಳಗಿರುತ್ತದೆ, ಹೊಗಳಿಕೆ ರುಚಿ ಹತ್ತುವ ಮೊದಲೇ ಹೊರಬಂದಂತಾಗುತ್ತದೆ. ಇಂಗ್ಲಿಷ್ ಕಾವ್ಯವನ್ನೂ ಓದುವ ವಿದ್ಯಾರ್ಥಿಗಳಿಗೆ, ಎರಡೂ ಭಾಷೆಗಳಲ್ಲಿ ಬರೆಯುವವರಿಗೆ ಏಪ್ರಿಲ್‌ನ ಸವಾಲು ಒಪ್ಪುತ್ತದೆ. ನಿವೃತ್ತರಿಗೆ, ಬೆಳಗಿನ ಎರಡು ಗಂಟೆ ಬಿಡುವಿರುವವರಿಗೆ ಸಮಸ್ಯಾಪೂರಣದಷ್ಟು ಲಾಭದಾಯಕವಾದದ್ದು ಬೇರೊಂದಿಲ್ಲ. ಅವರು ದಿನಕ್ಕೊಂದು ಎಂಬ ನಿಯಮವನ್ನು ವಾರಕ್ಕೆರಡು ಎಂದು ಸಡಿಲಿಸಿಕೊಂಡರೂ ತಪ್ಪಿಲ್ಲ. ಸಂಕಲನದ ಗುರಿಯಿಟ್ಟುಕೊಂಡವರು ಡಬ್ಬಿಯನ್ನು ಆರಿಸಿ, ಮೂವತ್ತು ಚೀಟಿಗಳನ್ನೂ ಒಂದೇ ಜಾಗ ಅಥವಾ ಒಂದೇ ವೃತ್ತಿಯ ಸುತ್ತ ಬರೆದುಕೊಂಡರೆ ತಿಂಗಳ ಕೊನೆಗೆ ಒಂದು ಗುಚ್ಛ ಕೈಗೆ ಸಿಗುತ್ತದೆ. ನನ್ನಂತೆ ಅರ್ಧ ಗಂಟೆಯವರಾಗಿದ್ದು, ಬರಹ ಸಲೀಸಾಗಿ ಹರಿಯುವುದೇ ನಿಮ್ಮ ತೊಂದರೆಯಾಗಿದ್ದರೆ ಸೋಮವಾರದಿಂದ ಶನಿವಾರದವರೆಗೆ ಬೇರೆಯವರು ಬರೆದ ಚೀಟಿ, ಭಾನುವಾರ ಒಂದು ಸಮಸ್ಯೆ ಎಂಬ ಮಿಶ್ರಣವನ್ನು ಪ್ರಯತ್ನಿಸಿ ನೋಡಬಹುದು.

ಭಾನುವಾರದಿಂದಲೇ ಆರಂಭಿಸುವವರಿಗೆ ಒಂದು ಸಾಲನ್ನು ಇಲ್ಲಿಯೇ ಬಿಟ್ಟಿದ್ದೇನೆ: ‘ಆರಿದಾ ದೀಪವದು ಬೆಳಗಿತೂರೆಲ್ಲ’. ಐದು, ಐದು, ಐದು, ಮೂರು ಮಾತ್ರೆಗಳು; ಎರಡನೆಯ ಅಕ್ಷರ ‘ರ’, ಮೊದಲನೆಯದು ಎರಡು ಮಾತ್ರೆಯ ಗುರು. ಮೇಲಿನ ಮೂರು ಸಾಲು ನಿಮ್ಮವು.